ಹಿರಿಯರಿಗೆ ಮಕ್ಕಳ ಕೈಯ ಹಬ್ಬದ ಕಾರ್ಡು: ರದ್ದಿಯಿಂದ ಮಾಡುವಾಗ ಏನನ್ನು ಗಮನಿಸಬೇಕು?

ಪ್ರಶ್ನೆ ಕೇಳಿದವರು: ಕಲಾ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯೊಂದರಲ್ಲಿ ಚಿತ್ರಕಲೆ ಮತ್ತು ಕರಕುಶಲ ಕಲಿಸುತ್ತೇನೆ. ಈ ಸಲ ಹಬ್ಬದ ರಜೆ ಆರಂಭವಾಗುವ ಮೊದಲು ಎಂಟನೆಯ ಮತ್ತು ಒಂಬತ್ತನೆಯ ತರಗತಿಯ ಮಕ್ಕಳು ಸೇರಿ, ವೃದ್ಧಾಶ್ರಮವೊಂದರಲ್ಲಿರುವ ಅರವತ್ತು ಮಂದಿ ಹಿರಿಯರಿಗೆ ಶುಭಾಶಯ ಪತ್ರವನ್ನೂ ಒಂದೊಂದು ಸಣ್ಣ ಉಡುಗೊರೆಯನ್ನೂ ಮಾಡಿಕೊಡಲು ನಿರ್ಧರಿಸಿದ್ದಾರೆ. ಹೊಸದಾಗಿ ಏನನ್ನೂ ಕೊಳ್ಳಬಾರದು, ರದ್ದಿಗೆ ಹೋಗುವ ವಸ್ತುಗಳನ್ನೇ ಬಳಸಬೇಕು ಎಂಬುದು ಅವರೇ ಹಾಕಿಕೊಂಡ ನಿಯಮ. ಒಂದು ಬದಿ ಖಾಲಿ ಇರುವ ಹಾಳೆಗಳು, ಹಳೆಯ ಕ್ಯಾಲೆಂಡರ್‌ಗಳು, ಆಹ್ವಾನ ಪತ್ರಿಕೆಗಳು, ರಟ್ಟಿನ ಪೆಟ್ಟಿಗೆಗಳು, ಹರಿದ ಜೀನ್ಸ್ ಪ್ಯಾಂಟುಗಳು, ಗಾಜಿನ ಬಾಟಲಿಗಳು, ಒಂದು ಡಬ್ಬಿ ತುಂಬ ಬಣ್ಣಬಣ್ಣದ ಗುಂಡಿಗಳು ಮತ್ತು ಉಡುಗೊರೆಗೆ ಸುತ್ತಿದ್ದ ಹೊಳೆಯುವ ಕಾಗದದ ದೊಡ್ಡ ರಾಶಿ ಈಗ ನಮ್ಮ ಕೊಠಡಿಯ ಮೂಲೆಯಲ್ಲಿವೆ.

ನನ್ನನ್ನು ಕಾಡುತ್ತಿರುವ ಸಮಸ್ಯೆ ಸಾಮಗ್ರಿಯದಲ್ಲ. ಮೊನ್ನೆ ಈ ರಾಶಿಯನ್ನು ವಿಂಗಡಿಸುತ್ತಿದ್ದಾಗ ಒಬ್ಬ ಹುಡುಗಿ ಕೈಯಲ್ಲಿದ್ದ ಕಾಗದವನ್ನು ಕೆಳಗಿಟ್ಟು, "ಮೇಡಂ, ನಮಗೆ ಬೇಡವಾದದ್ದನ್ನು ಅವರಿಗೆ ಕೊಟ್ಟ ಹಾಗಾಗುವುದಿಲ್ಲವೇ?" ಎಂದು ಕೇಳಿದಳು. ಪರಿಸರದ ಬಗ್ಗೆ ಎರಡು ಮಾತು ಹೇಳಿ ನಾನು ಅಲ್ಲಿಂದ ಜಾರಿಕೊಂಡೆನಾದರೂ ಅದು ಉತ್ತರವಲ್ಲವೆಂದು ಅವಳಿಗೂ ಗೊತ್ತಾಯಿತು, ನನಗೂ ಗೊತ್ತಿತ್ತು. ಹಿರಿಯರ ಆರೈಕೆಯಲ್ಲಿರುವವರು, ಕೈಕಾಗದ ಮಾಡಿ ಬಲ್ಲವರು, ಇಂಥ ಕಾರ್ಡುಗಳನ್ನು ಪಡೆದವರು ಯಾರಾದರೂ ಇಲ್ಲಿದ್ದರೆ ದಯವಿಟ್ಟು ತಿಳಿಸಿ: ಯಾವ ಕಾಗದ ಕೆಲಸಕ್ಕೆ ಬರುತ್ತದೆ, ಯಾವ ಉಡುಗೊರೆ ಅವರಿಗೆ ನಿಜವಾಗಿ ಉಪಯೋಗವಾಗುತ್ತದೆ, ಕಾರ್ಡಿನ ಒಳಗೆ ಮಕ್ಕಳು ಏನು ಬರೆಯಬೇಕು?

ಉತ್ತರ 1: ಆಶ್ರಮದ ಮೇಲ್ವಿಚಾರಕಿ

ಮೇಡಂ, ನಾನು ಹದಿನಾಲ್ಕು ವರ್ಷಗಳಿಂದ ಹಿರಿಯರ ಆರೈಕೆಯ ಕೆಲಸದಲ್ಲಿದ್ದೇನೆ. ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅವಳು ಸರಿಯಾದ ಜಾಗದಲ್ಲೇ ಬೆರಳಿಟ್ಟಿದ್ದಾಳೆ. ಬೇಡವಾದದ್ದನ್ನು ದಾಟಿಸುವ ಕೆಲಸ ನಮ್ಮಲ್ಲಿ ನಡೆಯುತ್ತಲೇ ಇರುತ್ತದೆ. ಮೂಲೆ ಮುರುಟಿದ, ಒಳಗೆ ಬೇರೆ ಯಾರದ್ದೋ ಹೆಸರನ್ನು ಬಿಳಿ ಬಣ್ಣದಿಂದ ಮುಚ್ಚಿದ ಕಾರ್ಡುಗಳು ನಮಗೆ ಬಂದಿವೆ. ಬೆಳಕಿಗೆ ಹಿಡಿದರೆ ಆ ಹೆಸರು ಕಾಣುತ್ತದೆ, ಹಿರಿಯರು ಹಿಡಿದು ನೋಡಿಯೇ ನೋಡುತ್ತಾರೆ. ಹಾಗಾಗಿ ನಾನು ಮಕ್ಕಳಿಗೆ ಹೇಳುವ ಪರೀಕ್ಷೆ ಒಂದೇ: ಇದು ರದ್ದಿಯಿಂದ ಆದದ್ದೆಂಬ ಸಂಗತಿಯನ್ನು ಯಾರಿಗೂ ಹೇಳದೇ ಇದ್ದರೂ ಇದು ಒಳ್ಳೆಯ ಕಾರ್ಡು ಎನ್ನಿಸಿಕೊಳ್ಳುತ್ತದೆಯೇ? ಹೌದಾದರೆ ಸಂಕೋಚವಿಲ್ಲದೆ ಕೊಡಿ.

ಒಳ್ಳೆಯ ಕಾರ್ಡು ಎಂದರೆ ಮೊದಲನೆಯದಾಗಿ ಅವರಿಗೆ ಓದಲು ಬರುವ ಕಾರ್ಡು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗೆ ತಿರುಗುತ್ತದೆ, ಆಗ ನೀಲಿ, ನೇರಳೆ, ಹಸಿರು ಬಣ್ಣಗಳ ನಡುವಿನ ವ್ಯತ್ಯಾಸ ಮಂಕಾಗುತ್ತದೆ ಮತ್ತು ಬಿಳಿಯ ಮೇಲಿನ ಹಳದಿ ಬರಹ ಹೆಚ್ಚುಕಡಿಮೆ ಮಾಯವಾಗುತ್ತದೆ. ಮಕ್ಕಳು ಬಹಳ ಇಷ್ಟಪಡುವ ತಿಳಿಬಣ್ಣದ ಜೆಲ್ ಪೆನ್ನುಗಳನ್ನು ಈ ಕೆಲಸದ ಮಟ್ಟಿಗೆ ಚೀಲದೊಳಗೇ ಇಡಿಸಿ. ಹೊಳಪಿಲ್ಲದ ತಿಳಿ ಕಾಗದದ ಮೇಲೆ ಕಪ್ಪು ದಪ್ಪ ಮಾರ್ಕರ್‌ನಲ್ಲಿ, ಅಕ್ಷರ ಕನಿಷ್ಠ ಒಂದು ಸೆಂಟಿಮೀಟರ್ ಎತ್ತರವಿರುವಂತೆ ಬರೆಯಲಿ. ನಮ್ಮ ಲಿಪಿಯಲ್ಲಿ ಒತ್ತಕ್ಷರಗಳು ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಡಬೇಕು. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತೂ ಕೆಳಗಿನ ಸಾಲಿನ ಗುಡಿಸೂ ಕೂಡಿಕೊಂಡು "ಸಂತೋಷ"ವೇ "ಸಂಕಷ್ಟ"ವೇ ಎಂದು ಊಹಿಸಬೇಕಾಗುತ್ತದೆ. ಐದು ಸಾಲು ಬರೆದರೆ ಸಾಕು, ಹದಿನೈದು ಸಾಲು ತುರುಕುವುದು ಬೇಡ.

ಗ್ಲಿಟರ್ ಪುಡಿಯನ್ನು ದಯವಿಟ್ಟು ಬಳಸಬೇಡಿ. ಒಂದು ವರ್ಷ ಒಂದು ತಂಡದವರು ತಂದ ಕಾರ್ಡುಗಳಿಂದ ಉದುರಿದ ಪುಡಿ ಒಬ್ಬ ಅಜ್ಜಿಯ ಕಣ್ಣಿಗೆ ಹೋಗಿ ಹಬ್ಬದ ದಿನವೇ ಅವರನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋಗಬೇಕಾಯಿತು. ಹಾಸಿಗೆ ಬಟ್ಟೆಗಳಿಂದ ಆ ಪುಡಿಯನ್ನು ತೆಗೆಯಲು ನಮಗೆ ಒಂದು ತಿಂಗಳು ಬೇಕಾಯಿತು. ಆ ಪುಡಿ ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನದೇ ಆಗಿರುವುದರಿಂದ, ಅದು ಮೆತ್ತಿಕೊಂಡ ಕಾಗದ ಮತ್ತೆ ಮರುಬಳಕೆಗೂ ಬರುವುದಿಲ್ಲ. ಸ್ಟೇಪ್ಲರ್ ಪಿನ್ನುಗಳೂ ಬೇಡ, ಏಕೆಂದರೆ ಹಿರಿಯರ ಚರ್ಮ ತೆಳುವಾಗಿರುತ್ತದೆ ಮತ್ತು ಸಣ್ಣ ಗೀರೂ ಬೇಗ ಮಾಯುವುದಿಲ್ಲ. ಲಕೋಟೆಯನ್ನು ಅಂಟಿಸದೆ ಬಿಡಿ. ಸಂಧಿವಾತದಿಂದ ಬೆರಳು ಮಡಚಲಾಗದವರಿಗೆ ಅಂಟಿಸಿದ ಲಕೋಟೆಯೂ ಗಂಟುಹಾಕಿದ ರಿಬ್ಬನ್ನೂ ಶಿಕ್ಷೆಯೇ ಸರಿ.

ಉಡುಗೊರೆಗಳ ವಿಷಯಕ್ಕೆ ಬಂದರೆ, ನೀವು ಸಂಗ್ರಹಿಸಿದ ಗಾಜಿನ ಬಾಟಲಿಗಳನ್ನು ಬೇರೆ ಯಾವುದಕ್ಕಾದರೂ ಇಟ್ಟುಕೊಳ್ಳಿ. ಅವು ಭಾರ, ಜಾರುತ್ತವೆ, ಒಡೆಯುತ್ತವೆ. ಮೇಣದ ಬತ್ತಿ ಬೇಡವೇ ಬೇಡ, ಏಕೆಂದರೆ ಕೆಲವರ ಕೋಣೆಯಲ್ಲಿ ಆಮ್ಲಜನಕದ ಯಂತ್ರವಿರುತ್ತದೆ ಮತ್ತು ಅದರ ಸಮೀಪ ಬೆಂಕಿ ಅಪಾಯಕಾರಿ. ಅಯಸ್ಕಾಂತ ಅಂಟಿಸಿದ ಅಲಂಕಾರಗಳ ಬಗ್ಗೆ ಅನೇಕರಿಗೆ ತಿಳಿದಿರುವುದಿಲ್ಲ: ಹೃದಯದ ಬಡಿತವನ್ನು ಕ್ರಮದಲ್ಲಿಡುವ ಪೇಸ್‌ಮೇಕರ್ ಅಳವಡಿಸಿಕೊಂಡವರು ಬಲವಾದ ಅಯಸ್ಕಾಂತವನ್ನು ಆ ಉಪಕರಣದಿಂದ ಕನಿಷ್ಠ 15 ಸೆಂಟಿಮೀಟರ್ ದೂರದಲ್ಲಿ ಇಡಬೇಕು, ಆದರೆ ಕೈಗೆ ಬಂದ ಉಡುಗೊರೆಯನ್ನು ಯಾರೇ ಆದರೂ ಮೊದಲು ಎದೆಗೆ ಒತ್ತಿಕೊಳ್ಳುತ್ತಾರೆ. ನೆಲಕ್ಕೆ ಹಾಸುವ ಚಾಪೆ ಜಾರಿಸುತ್ತದೆ. ತಿನ್ನುವ ಪದಾರ್ಥವನ್ನು ಪ್ರತಿಯೊಬ್ಬರ ಪಥ್ಯ ತಿಳಿಯದೆ ನಾವು ಕೊಡಲು ಬಿಡುವುದಿಲ್ಲ. ಮರೆವಿನ ಕಾಯಿಲೆ ಇರುವವರು ಸಣ್ಣ ಮಣಿ, ಗುಂಡಿಗಳನ್ನು ಬಾಯಿಗೆ ಹಾಕಿಕೊಳ್ಳುವುದುಂಟು. ಆದ್ದರಿಂದ ಗುಂಡಿಯನ್ನು ಬಳಸುವುದಾದರೆ ಅಂಟಿಸದೆ, ದಪ್ಪ ದಾರದಿಂದ ಹೊಲಿದು, ಜಗ್ಗಿ ನೋಡಿ.

ಇಷ್ಟೆಲ್ಲ "ಬೇಡ"ಗಳನ್ನು ಓದಿ ಮಕ್ಕಳು ಹೆದರಬಾರದು, ಬೇಕಾದವೂ ಇವೆ. ನಮ್ಮಲ್ಲಿ ಅತಿ ಹೆಚ್ಚು ಬಳಕೆಯಾದ ಉಡುಗೊರೆ ಒಂದು ಕಪ್ಪು ರಟ್ಟಿನ ಪಟ್ಟಿ. ಅಂಗೈಗಿಂತ ಸ್ವಲ್ಪ ಉದ್ದದ ರಟ್ಟಿನ ನಡುವೆ, ಎರಡು ಸಾಲು ಕಾಣುವಷ್ಟು ಅಗಲದ ಕಿಂಡಿಯನ್ನು ಕತ್ತರಿಸಿ ಪುಟದ ಮೇಲಿಟ್ಟರೆ, ಉಳಿದ ಪುಟದ ಬಿಳುಪು ಮತ್ತು ಬೆಳಕಿನ ಪ್ರತಿಫಲನ ಮುಚ್ಚಿಹೋಗಿ ಕಿಂಡಿಯೊಳಗಿನ ಸಾಲು ಮಾತ್ರ ಎದ್ದು ಕಾಣುತ್ತದೆ. ದೃಷ್ಟಿ ಕುಂದಿದವರಿಗಾಗಿ ಕಣ್ಣಿನ ತಜ್ಞರೇ ಸೂಚಿಸುವ ಸಾಧನವಿದು, ಟೈಪೋಸ್ಕೋಪ್ ಎನ್ನುತ್ತಾರೆ. ಸಹಿ ಹಾಕುವ ಜಾಗವನ್ನು ಗುರುತಿಸಲು ಸಣ್ಣ ಕಿಂಡಿಯ ಇನ್ನೊಂದು ಪಟ್ಟಿಯನ್ನೂ ಜೊತೆಗೆ ಕೊಡಬಹುದು. ಇಸ್ಪೀಟು ಆಡುವವರಿಗಾಗಿ ಎಲೆಗಳನ್ನು ನಿಲ್ಲಿಸಿಡುವ ರಟ್ಟಿನ ಸೀಳುಪಟ್ಟಿಯನ್ನು ಒಬ್ಬ ಹುಡುಗ ಮಾಡಿಕೊಟ್ಟಿದ್ದ. ಬೆರಳು ನಡುಗುವ ಕಾರಣಕ್ಕೆ ಆಟ ಬಿಟ್ಟಿದ್ದ ಅಜ್ಜ ಅಂದು ಸಂಜೆಯೇ ಮೂವರನ್ನು ಸೋಲಿಸಿದರು.

ಒಂದು ಕೊನೆಯ ಬಿನ್ನಹ. ಹಬ್ಬದ ವಾರದಲ್ಲಿ ಒಂದೇ ದಿನ ನಾಲ್ಕು ತಂಡಗಳು ಬರುತ್ತವೆ, ಅದು ಮುಗಿದ ಮೇಲೆ ವಾರಗಟ್ಟಲೆ ಬಾಗಿಲ ಗಂಟೆ ಸದ್ದು ಮಾಡುವುದಿಲ್ಲ. ಸಾಧ್ಯವಾದರೆ ಕಾರ್ಡುಗಳನ್ನು ಹಬ್ಬಕ್ಕೂ ಉಡುಗೊರೆಗಳನ್ನು ಮೂರು ವಾರಗಳ ನಂತರಕ್ಕೂ ಇಟ್ಟುಕೊಳ್ಳಿ. ಅರವತ್ತು ಜನರಿದ್ದರೆ ಆರೇಳು ಕಾರ್ಡು ಹೆಚ್ಚಿಗೆ ಮಾಡಿಸಿ, ಹೊಸದಾಗಿ ಸೇರಿದವರೊಬ್ಬರು ಇದ್ದೇ ಇರುತ್ತಾರೆ.

ಉತ್ತರ 2: ಕೈಕಾಗದದವನು

ಕಾಗದದ ವಿಷಯ ನನಗೆ ಬಿಡಿ. ಮೊದಲು ರಾಶಿಯನ್ನು ವಿಂಗಡಿಸುವ ಎರಡು ಸುಲಭ ಉಪಾಯಗಳು. ಹೊಳೆಯುವ ಕಾಗದವನ್ನು ಮುಷ್ಟಿಯಲ್ಲಿ ಹಿಂಡಿ ಕೈ ಬಿಡಿ. ಮುದ್ದೆಯಾಗಿಯೇ ಉಳಿದರೆ ಅದು ಕಾಗದ. ಮೆಲ್ಲಗೆ ಬಿಚ್ಚಿಕೊಂಡರೆ ಅದರಲ್ಲಿ ಪ್ಲಾಸ್ಟಿಕ್ಕಿನ ಅಥವಾ ಲೋಹದ ಪದರವಿದೆ, ಕಾಗದವನ್ನು ನೆನೆಸಿ ರುಬ್ಬಿ ಮಾಡುವ ತಿರುಳಿಗೆ ಬಾರದು. ಇನ್ನು ಅಂಗಡಿಯ ರಶೀದಿಯ ಮೇಲೆ ಉಗುರಿನಿಂದ ಗೀರಿ. ಕಪ್ಪು ಗೆರೆ ಮೂಡಿದರೆ ಅದು ಶಾಖಕ್ಕೆ ಬಣ್ಣ ಬದಲಿಸುವ ರಾಸಾಯನಿಕ ಲೇಪನದ ಕಾಗದ. ಆ ಲೇಪನದಲ್ಲಿ ದೇಹದ ಹಾರ್ಮೋನುಗಳಿಗೆ ಅಡ್ಡಿಪಡಿಸಬಲ್ಲ ಬಿಸ್ಫಿನಾಲ್ ಬಗೆಯ ವಸ್ತುಗಳಿರುವುದುಂಟು, ಮಕ್ಕಳ ಕೈಯಿಂದ ಕಲಸಿಸಬೇಡಿ. ದಿನಪತ್ರಿಕೆಯನ್ನು ಹಾಕಿದರೆ ಶಾಯಿಯಿಂದ ಕಾಗದ ಬೂದು ಬಣ್ಣಕ್ಕೆ ಬರುತ್ತದೆ. ಅದರಲ್ಲಿ ಮರದ ಲಿಗ್ನಿನ್ ಎಂಬ ಅಂಶ ಉಳಿದಿರುವುದರಿಂದ ಬಿಸಿಲು ತಾಗಿದಂತೆಲ್ಲ ಹಳದಿಯಾಗುತ್ತದೆ. ಬರೆಯುವ, ಮುದ್ರಿಸುವ ಹಾಳೆಗಳೇ ಉತ್ತಮ.

ಎಷ್ಟು ಬೇಕು ಎಂಬ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ. 80 ಜಿಎಸ್‌ಎಂ (ಅಂದರೆ ಚದರ ಮೀಟರಿಗೆ 80 ಗ್ರಾಂ) ತೂಕದ ಎ4 ಹಾಳೆ ಹದಿನಾರು ಸೇರಿದರೆ ಒಂದು ಚದರ ಮೀಟರ್ ಆಗುತ್ತದೆ, ಅಂದರೆ ಒಂದು ಹಾಳೆಯ ತೂಕ ಸರಿಯಾಗಿ 5 ಗ್ರಾಂ. ಎ5 ಅಳತೆಯ ಹಾಳೆಯನ್ನು ನಡುವೆ ಮಡಚಿದ ಗಟ್ಟಿ ಕಾರ್ಡಿಗೆ ಸುಮಾರು 200 ಜಿಎಸ್‌ಎಂ ಬೇಕೆಂದು ಇಟ್ಟುಕೊಂಡರೆ ಅದರ ತೂಕ 6 ಗ್ರಾಂಗಿಂತ ತುಸು ಹೆಚ್ಚು. ಅರವತ್ತು ಕಾರ್ಡುಗಳಿಗೆ ಎಪ್ಪತ್ತೈದು ಹಾಳೆ ಸಾಕು, ಸೋರಿಹೋಗುವುದನ್ನೂ ಕೆಡುವುದನ್ನೂ ಸೇರಿಸಿ ನೂರು ಎನ್ನಿ. ಮೂಟೆಗಟ್ಟಲೆ ನೆನೆಹಾಕಿ ಕೊನೆಗೆ ನಾರುವ ಬಕೆಟ್ಟನ್ನು ಎಲ್ಲಿ ಚೆಲ್ಲುವುದೆಂದು ಪರದಾಡುವ ಶಾಲೆಗಳನ್ನು ನಾನು ನೋಡಿದ್ದೇನೆ.

ಹಾಳೆಗಳನ್ನು ಹೆಬ್ಬೆರಳಿನುಗುರಿನಷ್ಟು ತುಂಡುಗಳಾಗಿ ಕೈಯಿಂದಲೇ ಹರಿಯಬೇಕು. ಕತ್ತರಿಯಿಂದ ಕತ್ತರಿಸಿದರೆ ನಾರೂ ತುಂಡಾಗುತ್ತದೆ, ಹರಿದರೆ ನಾರು ಎಳೆದುಕೊಂಡು ಉದ್ದವಾಗಿಯೇ ಉಳಿಯುತ್ತದೆ. ಒಂದು ರಾತ್ರಿ ನೆನೆಸಿ, ಅಡುಗೆಗೆ ಬಳಸದ ಹಳೆಯ ಮಿಕ್ಸಿ ಜಾರಿನಲ್ಲಿ ಒಂದು ಹಿಡಿ ತುಂಡಿಗೆ ಮುಕ್ಕಾಲು ಜಾರು ನೀರು ಹಾಕಿ ಬಿಟ್ಟು ಬಿಟ್ಟು ತಿರುಗಿಸಿ. ನುಣ್ಣಗಾಗಲೆಂದು ಅತಿಯಾಗಿ ರುಬ್ಬಿದರೆ ನಾರು ಗಿಡ್ಡವಾಗಿ ಕಾಗದ ಬಿಸ್ಕತ್ತಿನಂತೆ ಮುರಿಯುತ್ತದೆ. ಪ್ರತಿ ಮರುಬಳಕೆಯಲ್ಲೂ ಇದೇ ಆಗುವುದರಿಂದಲೇ ಕಾಗದದ ನಾರನ್ನು ಸಾಮಾನ್ಯವಾಗಿ ಐದರಿಂದ ಏಳು ಬಾರಿಗಿಂತ ಹೆಚ್ಚು ಮರುಬಳಸಲು ಆಗುವುದಿಲ್ಲ.

ಅಗಲವಾದ ತೊಟ್ಟಿಯಲ್ಲಿ ಆ ತಿರುಳನ್ನು ನೀರಿನೊಂದಿಗೆ ತೆಳ್ಳಗೆ ಕದಡಿ, ಕಿಟಕಿಗೆ ಹಾಕುವ ಸೊಳ್ಳೆ ಜಾಲರಿಯನ್ನು ಬಿಗಿದ ಮರದ ಚೌಕಟ್ಟನ್ನು ಓರೆಯಾಗಿ ಮುಳುಗಿಸಿ ಸಮತಟ್ಟಾಗಿ ಮೇಲೆತ್ತಬೇಕು. ಎತ್ತಿದ ಕೂಡಲೇ, ನೀರು ಇನ್ನೂ ಸೋರುತ್ತಿರುವಾಗಲೇ, ಎಡಕ್ಕೆ ಬಲಕ್ಕೆ, ಹಿಂದಕ್ಕೆ ಮುಂದಕ್ಕೆ ಒಮ್ಮೆ ಮೆಲ್ಲಗೆ ಅಲುಗಿಸಿ. ನಾರುಗಳು ಒಂದಕ್ಕೊಂದು ಹೆಣೆದುಕೊಳ್ಳುವುದು ಆ ಎರಡು ಕ್ಷಣಗಳಲ್ಲಿ. ಆಮೇಲೆ ಅಲುಗಿಸಿದರೆ ಹಾಳೆ ಬಿರಿಯುತ್ತದೆ. ಒದ್ದೆ ಬಟ್ಟೆಯ ಮೇಲೆ ಮಗುಚಿ, ಜಾಲರಿಯ ಬೆನ್ನಿನಿಂದ ಸ್ಪಂಜಿನಲ್ಲಿ ನೀರು ಹೀರಿ, ಚೌಕಟ್ಟನ್ನು ಒಂದು ಅಂಚಿನಿಂದ ಎತ್ತಿ. ಹತ್ತು ಹಾಳೆಗಳನ್ನು ಬಟ್ಟೆಯ ಮಧ್ಯೆ ಪೇರಿಸಿ, ಹಲಗೆಯ ಮೇಲೆ ತೂಕವಿಟ್ಟು ಹಿಂಡಿದ ಮೇಲೆ ಪ್ರತಿಯೊಂದನ್ನೂ ಕಿಟಕಿಯ ಗಾಜಿಗೆ ಒತ್ತಿ ಒಣಗಲು ಬಿಡಿ. ಗಾಜಿಗೆ ತಾಗಿದ ಮುಖ ನುಣುಪಾಗುತ್ತದೆ, ಬರೆಯಲು ಅದೇ ಒಳ್ಳೆಯದು.

ಇಷ್ಟಾದರೂ ಶಾಯಿ ಹರಡುತ್ತದೆ, ಏಕೆಂದರೆ ಇದು ಒಂದು ರೀತಿಯಲ್ಲಿ ಒತ್ತುಕಾಗದವೇ. ಒಣಗಿದ ಹಾಳೆಗೆ ತೆಳುವಾದ ಗಂಜಿಯನ್ನು ಬ್ರಷ್ಷಿನಿಂದ ಬಳಿದು ಮತ್ತೊಮ್ಮೆ ಒಣಗಿಸಿದರೆ ಮಾರ್ಕರ್ ಅಂಚು ಚೂಪಾಗಿ ನಿಲ್ಲುತ್ತದೆ. ಗಂಜಿ ಕೆಡದಿರಲೆಂದು ಹಳಬರು ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ಮಕ್ಕಳ ಕೆಲಸದಲ್ಲಿ ಬೇಡ. ಆ ದಿನಕ್ಕೆ ಬೇಕಾದಷ್ಟನ್ನೇ ಕಾಯಿಸಿಕೊಳ್ಳಿ. ಮೇಲ್ವಿಚಾರಕಿಯವರು ಹೇಳಿದ್ದಕ್ಕೆ ನಾನು ಸೇರಿಸುವುದೇನೆಂದರೆ, ಕೈಕಾಗದದಲ್ಲಿ ಹಳೆಯ ಅಕ್ಷರಗಳ ಚುಕ್ಕೆಗಳು ಉಳಿಯುವುದರಿಂದ ಬರಹ ಎದ್ದು ಕಾಣುವುದಿಲ್ಲ. ಹೊರಮೈ ಕೈಕಾಗದದ್ದಿರಲಿ, ಒಳಗೆ ಬರೆಯುವ ಜಾಗಕ್ಕೆ ಹಳೆಯ ಕ್ಯಾಲೆಂಡರಿನ ಹಿಂಬದಿಯ ಖಾಲಿ ಬಿಳಿ ತುಂಡನ್ನು ಅಂಟಿಸಿ. ಆಗ ಕಾರ್ಡು ಮೇಜಿನ ಮೇಲೆ ಬಾಗದೆ ನಿಲ್ಲುತ್ತದೆ ಕೂಡ. ಉಳಿದ ತಿರುಳನ್ನು ಮಾತ್ರ ಯಾವ ಕಾರಣಕ್ಕೂ ಬಚ್ಚಲಿಗೆ ಸುರಿಯಬೇಡಿ. ಕೊಳವೆ ಕಟ್ಟಿಕೊಂಡರೆ ಮುಂದಿನ ವರ್ಷ ನಿಮಗೆ ಈ ಚಟುವಟಿಕೆಗೆ ಅನುಮತಿ ಸಿಗುವುದಿಲ್ಲ. ಬಟ್ಟೆಯಲ್ಲಿ ಸೋಸಿ, ಉಂಡೆ ಮಾಡಿ ಒಣಗಿಸಿಟ್ಟರೆ ನೆನೆಸಿ ಮತ್ತೆ ಬಳಸಬಹುದು.

ಉತ್ತರ 3: ಹೊಲಿಗೆ ಕಲಿಸುವವಳು

ಜೀನ್ಸ್ ಪ್ಯಾಂಟುಗಳಿವೆ ಎಂದಿರಲ್ಲ, ಅವುಗಳ ಹಿಂದಿನ ಜೇಬುಗಳನ್ನು ಬಟ್ಟೆ ಸಮೇತ ಕತ್ತರಿಸಿ ಎರಡನ್ನು ಪಕ್ಕಪಕ್ಕಕ್ಕೆ ಜೋಡಿಸಿದರೆ ವಾಕರ್‌ಗೆ ತೂಗುಹಾಕುವ ಚೀಲವಾಗುತ್ತದೆ. ಕನ್ನಡಕ, ಕರವಸ್ತ್ರ, ಫೋನು ಅದರಲ್ಲಿ ಹಿಡಿಸುತ್ತವೆ, ಎರಡು ಕೈಗಳೂ ವಾಕರ್ ಹಿಡಿಯಲು ಬಿಡುವಾಗಿರುತ್ತವೆ. ಚೀಲ ಮುಂಭಾಗದ ಅಡ್ಡ ಕಂಬಿಗೆ ನಡುವೆಯೇ ಬರಬೇಕು. ಒಂದು ಬದಿಯ ಹಿಡಿಗೆ ತೂಗುಹಾಕಿದರೆ ವಾಕರ್ ಆ ಕಡೆಗೆ ವಾಲುತ್ತದೆ. ಕಟ್ಟುವ ಲಾಡಿಗೆ ಬದಲು ಅಗಲವಾದ ವೆಲ್ಕ್ರೋ ಪಟ್ಟಿ ಹೊಲಿಯಿರಿ, ಹಳೆಯ ಚೀಲ ಮತ್ತು ಚಪ್ಪಲಿಗಳಿಂದ ಅದು ಸಿಗುತ್ತದೆ. ಚೀಲ ಚಕ್ರಕ್ಕಾಗಲಿ ಕಾಲಿಗಾಗಲಿ ತಾಗದಷ್ಟು ಗಿಡ್ಡವಾಗಿರಲಿ. ಬಟ್ಟೆಗಳನ್ನು ಕತ್ತರಿಸುವ ಮೊದಲೇ ಬಿಸಿನೀರಿನಲ್ಲಿ ಒಗೆದು ಬಿಸಿಲಿನಲ್ಲಿ ಒಣಗಿಸಬೇಕು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಹೇಳುತ್ತಿದ್ದೇನೆ.

ಮರೆವಿನ ಕಾಯಿಲೆಯವರಿಗಾಗಿ ಅದೇ ಜೀನ್ಸಿನಿಂದ ತೊಡೆಯ ಮೇಲಿಡುವ ಒಂದು ಚೌಕವನ್ನು ಮಾಡಿ, ಅದಕ್ಕೆ ಓಡುವ ಜಿಪ್ಪು, ಮುಚ್ಚಿ ತೆಗೆಯುವ ಜೇಬು, ಬೇರೆ ಬೇರೆ ಬಗೆಯ ಬಟ್ಟೆಯ ತುಂಡುಗಳನ್ನು ಹೊಲಿಯಬಹುದು. ಸುಮ್ಮನಿರಲಾರದ ಕೈಗಳಿಗೆ ಅದರಿಂದ ಕೆಲಸ ಸಿಗುತ್ತದೆ.

ಉತ್ತರ 4: ಎಂಬತ್ತೊಂದರವನು

ನಾನು ಕಾರ್ಡು ಪಡೆಯುವ ಕಡೆಯವನು. ಈ ಬರಹವನ್ನು ನನ್ನ ಮೊಮ್ಮಗಳು ಟೈಪು ಮಾಡುತ್ತಿದ್ದಾಳೆ. ಆ ಮಗುವಿಗೆ ಹೇಳಿ, ಹಳೆಯ ಕಾಗದದಿಂದ ನಮಗೆ ಬೇಸರವಾಗುವುದಿಲ್ಲ. ಲಕೋಟೆಯನ್ನು ಒಳಹೊರಗು ಮಾಡಿ ಎರಡನೆಯ ಸಲ ಬಳಸಿದವರು ನಾವು. ಬೇಸರವಾಗುವುದು ಮೂವತ್ತು ಕಾರ್ಡುಗಳಲ್ಲಿಯೂ ಕರಿಹಲಗೆಯಿಂದ ನಕಲು ಮಾಡಿದ ಒಂದೇ ವಾಕ್ಯವಿದ್ದಾಗ. ಊಟದ ಮೇಜಿನಲ್ಲಿ ನಾವು ಅವುಗಳನ್ನು ಅದಲುಬದಲು ಮಾಡಿ ಓದುತ್ತೇವೆ ಎಂಬುದು ಶಿಕ್ಷಕರಿಗೆ ತಿಳಿದಿರಲಿಕ್ಕಿಲ್ಲ. "ಬೇಗ ಗುಣಮುಖರಾಗಿ" ಎಂದು ಬರೆದದ್ದನ್ನೂ ನೋಡಿದ್ದೇನೆ. ನನಗೆ ಕಾಯಿಲೆಯೇನೂ ಇಲ್ಲ, ವಯಸ್ಸಾಗಿದೆ ಅಷ್ಟೇ. "ನೀವು ಒಂಟಿಯಾಗಿದ್ದೀರೆಂದು ತಿಳಿದು ದುಃಖವಾಯಿತು" ಎಂಬ ವಾಕ್ಯವನ್ನು ಓದಿದ ಮೇಲೆ, ಅಲ್ಲಿಯವರೆಗೆ ಇರದಿದ್ದ ದುಃಖ ನನಗೂ ಬಂತು.

ನಾನು ಇಟ್ಟುಕೊಂಡಿರುವ ಕಾರ್ಡು ಒಂದೇ. ಅದರ ರಟ್ಟು ಯಾವುದೋ ಪೆಟ್ಟಿಗೆಯದು, ಹಿಂದೆ "ಈ ಬದಿ ಮೇಲೆ" ಎಂಬ ಬಾಣದ ಗುರುತಿದೆ. ಒಳಗೆ ಆ ಹುಡುಗ ತಾನು ಸೈಕಲ್ ಕಲಿಯುವಾಗ ಎರಡು ಸಲ ಬಿದ್ದದ್ದನ್ನು ಬರೆದು, "ನಿಮಗೆ ಸೈಕಲ್ ಕಲಿಸಿದವರು ಯಾರು?" ಎಂದು ಕೇಳಿದ್ದ. ಜೊತೆಗೆ ಒಂದು ಖಾಲಿ ಕಾರ್ಡನ್ನೂ ಇಟ್ಟಿದ್ದ. ನನಗೆ ಕಲಿಸಿದವಳು ನನ್ನ ಅಕ್ಕ. ಅವಳು ಹೋಗಿ ಇಪ್ಪತ್ತು ವರ್ಷವಾಗಿದೆ, ಅಷ್ಟು ವರ್ಷಗಳಲ್ಲಿ ಈ ಮಾತನ್ನು ನನ್ನ ಬಳಿ ಯಾರೂ ಕೇಳಿರಲಿಲ್ಲ. ಆ ಖಾಲಿ ಕಾರ್ಡು ನನಗೆ ಸಾಲದೆ ಇನ್ನೊಂದು ಹಾಳೆ ಕೇಳಿ ಪಡೆದೆ.

ಉತ್ತರ 5: ಆಶ್ರಮದ ಮೇಲ್ವಿಚಾರಕಿ

ಹಿರಿಯರ ಮಾತಿಗೆ ಎರಡು ಸಂಗತಿಗಳನ್ನು ಸೇರಿಸುತ್ತೇನೆ. ಮಕ್ಕಳು ಮೊದಲ ಹೆಸರನ್ನೂ ತರಗತಿಯನ್ನೂ ಮಾತ್ರ ಬರೆಯಲಿ, ಮನೆ ವಿಳಾಸ ಮತ್ತು ಫೋನ್ ಸಂಖ್ಯೆ ಬೇಡ. ಉತ್ತರದ ಕಾರ್ಡುಗಳು ಶಾಲೆಯ ಮೂಲಕವೇ ಬರಲಿ. ಪ್ರತಿ ಹಿರಿಯರನ್ನೂ ಹೇಗೆ ಕರೆಯಬೇಕೆಂದು ಆಶ್ರಮದವರನ್ನು ಮೊದಲೇ ಕೇಳಿಕೊಳ್ಳಿ. "ಅಜ್ಜಿ" ಎಂದರೆ ಕರಗುವವರಿದ್ದಾರೆ, "ಟೀಚರ್" ಎಂದು ಕರೆದರೆ ಮಾತ್ರ ತಿರುಗಿ ನೋಡುವವರೂ ಇದ್ದಾರೆ. ಎಲ್ಲರೂ ಒಂದೇ ಹಬ್ಬವನ್ನು ಆಚರಿಸುವುದಿಲ್ಲವಾದ್ದರಿಂದ ಸಾಮಾನ್ಯ ಶುಭಾಶಯವೇ ಸುರಕ್ಷಿತ. ಉಡುಗೊರೆಯನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಲು ನೆಪ ಬೇಕಿದ್ದರೆ, ವಿಶ್ವಸಂಸ್ಥೆ 1990ರಲ್ಲಿ ಗೊತ್ತುಮಾಡಿದ ಅಂತಾರಾಷ್ಟ್ರೀಯ ಹಿರಿಯರ ದಿನ ಅಕ್ಟೋಬರ್ 1ರಂದು ಬರುತ್ತದೆ. ಆದರೆ ಯಾವ ದಿನವೂ ಅಲ್ಲದ ಒಂದು ಮಂಗಳವಾರ ಬಂದರೆ ನಮಗೆ ಇನ್ನೂ ಸಂತೋಷ.

ಪ್ರಶ್ನೆ ಕೇಳಿದವರು: ಕಲಾ ಶಿಕ್ಷಕಿ

ಎಲ್ಲರಿಗೂ ಕೃತಜ್ಞತೆಗಳು. ಎಂಬತ್ತೊಂದರ ಹಿರಿಯರ ಬರಹವನ್ನು ತರಗತಿಯಲ್ಲಿ ಓದಿ ಹೇಳಿದೆ. ಕರಿಹಲಗೆಯ ಮೇಲೆ ಆಗಲೇ ಬರೆದಿಟ್ಟಿದ್ದ ಮಾದರಿ ವಾಕ್ಯವನ್ನು ಒಬ್ಬ ಹುಡುಗ ಎದ್ದು ಹೋಗಿ, ನನ್ನನ್ನು ಕೇಳದೆಯೇ ಒರೆಸಿದ. ಉಡುಗೊರೆಗಳನ್ನು ರಜೆಯ ನಂತರಕ್ಕೆ ಮುಂದೂಡಿದ್ದೇವೆ. ಇಪ್ಪತ್ತು ವಾಕರ್ ಚೀಲ, ಉಳಿದವರಿಗೆ ಓದುಪಟ್ಟಿ ಎಂದು ಸದ್ಯಕ್ಕೆ ಹಂಚಿಕೆಯಾಗಿದೆ. ಹಿಂಡಿ ಬಿಟ್ಟಾಗ ಬಿಚ್ಚಿಕೊಂಡ ಹೊಳೆಯುವ ಕಾಗದವೇ ನಮ್ಮ ರಾಶಿಯಲ್ಲಿ ಅರ್ಧಕ್ಕಿಂತ ಹೆಚ್ಚಿತ್ತು ಎಂದು ಒಪ್ಪಿಕೊಳ್ಳಬೇಕು.

ಮೊದಲ ಹಾಳೆಗಳು ನಿನ್ನೆ ಕಿಟಕಿಯ ಗಾಜಿನಿಂದ ಬಿಟ್ಟುಕೊಂಡವು. ಪ್ರಶ್ನೆ ಕೇಳಿದ ಹುಡುಗಿ ತನ್ನ ಕಾರ್ಡಿನ ಹಿಂಬದಿಯಲ್ಲಿ, "ಈ ಕಾಗದವನ್ನು ನನ್ನ ಗಣಿತದ ರಫ್ ಹಾಳೆಗಳಿಂದ ಮಾಡಿದ್ದೇನೆ, ಹುಡುಕಿದರೆ ಎಲ್ಲಾದರೂ ಒಂದು ತಪ್ಪು ಉತ್ತರ ಸಿಗಬಹುದು" ಎಂದು ಬರೆದಿದ್ದಾಳೆ. ಅಕ್ಷರ ಅರ್ಧ ಸೆಂಟಿಮೀಟರ್ ಕೂಡ ಇರಲಿಲ್ಲ. ಸ್ಕೇಲು ಹಿಡಿದು ಅಳೆದು, ಈಗ ಇನ್ನೊಂದು ಬಿಳಿ ತುಂಡಿನ ಮೇಲೆ ದೊಡ್ಡದಾಗಿ ಬರೆಯುತ್ತಿದ್ದಾಳೆ.